ಧಾರವಾಡದ ಸಿತಾರಿನ ಖರ್ಜದ ತಂತಿ

ಹುಬ್ಬಳ್ಳಿ-ಧಾರವಾಡವೆಂದರೆ ಗಾಯಕರ ನಾಡು ಎಂಬ ಮಾತು ರೂಢಿಯಲ್ಲಿದೆ. ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು, ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು, ಪಕ್ಕದ ಗದಗಿನ ಭೀಮಸೇನ ಜೋಶಿಯವರು ಹೀಗೆ ಹೆಸರುಗಳು ಒಂದರ ಹಿಂದೊಂದು ನೆನಪಿಗೆ ಬರುತ್ತವೆ. ಆದರೆ ಇದೇ ನೆಲದಲ್ಲಿ ಸಿತಾರಿನ ಮನೆತನವೊಂದು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬೇರೂರಿದೆ ಎಂಬುದು ಸಂಗೀತ ಬಲ್ಲವರ ವಲಯದಾಚೆ ಅಷ್ಟಾಗಿ ತಿಳಿದಿಲ್ಲ. ಆ ಮನೆತನ ವಾದ್ಯಕ್ಕೆ ಕೊಟ್ಟ ಕಾಣಿಕೆ ಏನೆಂದು ತಿಳಿಯಲು ಸಿತಾರಿನ ಒಂದು ದಪ್ಪ ತಂತಿಯನ್ನು ನೋಡಬೇಕು. ಅದೇ ಖರ್ಜದ ತಂತಿ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ದಕ್ಷಿಣ ಮರಾಠಾ ರೈಲ್ವೆ ಪುಣೆ, ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಒಂದೇ ದಾರಿಗೆ ತಂದಿತ್ತು. ಮೈಸೂರು ಅರಮನೆಯ ದಸರೆಗೆ ಉತ್ತರದಿಂದ ಹೊರಟ ಗಾಯಕ ವಾದಕರು ಈ ದಾರಿಯಲ್ಲೇ ಬರುತ್ತಿದ್ದರು. ನಡುವೆ ಇಳಿದು ಬೈಠಕ್ಕು ನಡೆಸುವುದು, ನಾಲ್ಕು ದಿನ ತಂಗುವುದು, ಆಸಕ್ತರಿಗೆ ಪಾಠ ಹೇಳುವುದು ಸಾಮಾನ್ಯವಾಗಿತ್ತು. ಹಾಗೆ ಬಂದವರಲ್ಲಿ ಧಾರವಾಡದಲ್ಲೇ ನೆಲೆಸಿದವರು ಉಸ್ತಾದ್ ರಹಿಮತ್ ಖಾನರು. ಅವರ ಮನೆತನದ ಮೂಲ ಕಾಠಿಯಾವಾಡದ ಭಾವನಗರ. ಅಲ್ಲಿಂದ ಇಂದೂರಿನ ನಂಟು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ 'ಸಿತಾರ್ ರತ್ನ' ಎಂಬ ಬಿರುದನ್ನಿತ್ತರು. 1930ರ ದಶಕದಲ್ಲಿ ಧಾರವಾಡದಲ್ಲಿ ಅವರ ಭಾರತೀಯ ಸಂಗೀತ ವಿದ್ಯಾಲಯ ತಲೆಯೆತ್ತಿತು. 1954ರಲ್ಲಿ ಅವರು ತೀರಿಕೊಂಡರು.

ರಹಿಮತ್ ಖಾನರ ಗುರು ಬಂದೇ ಅಲಿ ಖಾನರು. ಅವರು ಸಿತಾರಿನವರಲ್ಲ, ಬೀನ್ ಅಥವಾ ರುದ್ರವೀಣೆಯ ವಿದ್ವಾಂಸರು. ಎರಡು ದೊಡ್ಡ ಸೋರೆಬುರುಡೆಗಳ ಬೀನಿನ ಜೀವ ಇರುವುದು ತಗ್ಗು ಸ್ವರಗಳಲ್ಲಿ. ಆಲಾಪ ಮಂದ್ರಕ್ಕೂ ಅದರ ಕೆಳಗಿನ ಅತಿಮಂದ್ರಕ್ಕೂ ಇಳಿದು, ಒಂದೊಂದು ಸ್ವರದ ಬಳಿ ನಿಂತು, ನಿಧಾನವಾಗಿ ಮೇಲೇರುತ್ತದೆ. ಇದನ್ನು ಸಿತಾರಿನ ಮೇಲೆ ನುಡಿಸಲು ಹೊರಟವರಿಗೆ ಒಂದು ತೊಡಕು ಎದುರಾಗುತ್ತದೆ. ಸಿತಾರು ಎಂಬ ಹೆಸರಿನ ಅರ್ಥವೇ ಮೂರು ತಂತಿ. ಹದಿನೆಂಟನೆಯ ಶತಮಾನದ ದೆಹಲಿಯಲ್ಲಿ ಕಾಣಿಸಿಕೊಂಡ ಈ ವಾದ್ಯ ಮೊದಲಿಗೆ ಪುಟ್ಟದಾಗಿತ್ತು. ಅದರ ಬಲವಿದ್ದದ್ದು ಚುರುಕಾದ ಗತ್ತುಗಳಲ್ಲಿ. ಆಳಕ್ಕಿಳಿಯುವ ಆಲಾಪಕ್ಕೆ ಅದರಲ್ಲಿ ನೆಲೆಯಿರಲಿಲ್ಲ.

ತಂತಿಯಿಂದ ತಗ್ಗು ಸ್ವರ ಬರಬೇಕಾದರೆ ಅದು ಉದ್ದವಾಗಬೇಕು, ಇಲ್ಲವೇ ದಪ್ಪವಾಗಬೇಕು, ಇಲ್ಲವೇ ಸಡಿಲಾಗಬೇಕು. ತೀರ ಸಡಿಲಾದರೆ ನಾದ ಸಾಯುತ್ತದೆ. ಆದ್ದರಿಂದ ವಾದ್ಯವನ್ನೇ ದೊಡ್ಡದು ಮಾಡುವುದು ಒಂದು ಉಪಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಸುರಬಹಾರ ಅಂಥದು. ಅದು ಹಿಗ್ಗಿಸಿದ ಸಿತಾರೇ ಸರಿ. ಪಶ್ಚಿಮದ ಗಿಟಾರೂ ಇದೇ ದಾರಿ ಹಿಡಿಯಿತು. 1833ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದ ಮಾರ್ಟಿನ್ ಎಂಬ ಕುಶಲಕರ್ಮಿಯ ಕಾಲದಲ್ಲಿ ಗಿಟಾರು ಕರುಳಿನ ತಂತಿಯ, ಸಣ್ಣ ಒಡಲಿನ, ಮನೆಯ ಪಡಸಾಲೆಗೆ ಒಪ್ಪುವ ವಾದ್ಯವಾಗಿತ್ತು. ಹೆಚ್ಚು ಸದ್ದು, ಹೆಚ್ಚು ತಗ್ಗು ಸ್ವರ ಬೇಕೆಂದು ಇಪ್ಪತ್ತನೆಯ ಶತಮಾನದಲ್ಲಿ ಅದರ ಒಡಲು ಹಿಗ್ಗುತ್ತ ಹೋಯಿತು. ಆ ಹಳೆಯ ಸಣ್ಣ ಗಿಟಾರುಗಳನ್ನು ಈಗ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ಧಾರವಾಡದ ಮನೆತನ ಹಿಡಿದ ದಾರಿ ಬೇರೆ. ಸಿತಾರನ್ನು ಸಿತಾರಾಗಿಯೇ ಉಳಿಸಿ ತಂತಿಗಳ ಜೋಡಣೆಯನ್ನು ಬದಲಿಸುವುದು ಆ ದಾರಿ. ಖರ್ಜ ಸಪ್ತಕವನ್ನು ಒಳಗೊಳ್ಳುವಂತೆ ತಂತಿಗಳನ್ನು ಹೊಸದಾಗಿ ಅಳವಡಿಸಿದ ಕೀರ್ತಿ ರಹಿಮತ್ ಖಾನರಿಗೆ ಸಲ್ಲುತ್ತದೆ. ಏಳು ತಂತಿಗಳ ಇಂಥ ಜೋಡಣೆಯಲ್ಲಿ ಮೊದಲನೆಯ ಬಾಜ್ ತಂತಿ ಮಧ್ಯಮಕ್ಕೆ, ಎರಡನೆಯ ಜೋಡದ ತಂತಿ ಷಡ್ಜಕ್ಕೆ ಹೊಂದಿರುತ್ತವೆ. ಅವುಗಳ ಪಕ್ಕಕ್ಕೆ ತಗ್ಗಿನ ಪಂಚಮ, ಅದರಾಚೆ ಜೋಡಕ್ಕಿಂತ ಒಂದು ಸಪ್ತಕ ಕೆಳಗಿನ ಷಡ್ಜ, ಅಂದರೆ ಖರ್ಜ. ಆಲಾಪ ಮಾಡುವವರು ಬಾಜಿನಿಂದ ಜೋಡಕ್ಕೆ, ಜೋಡದಿಂದ ಪಂಚಮಕ್ಕೆ, ಅಲ್ಲಿಂದ ಖರ್ಜಕ್ಕೆ ಮೆಟ್ಟಿಲಿಳಿದಂತೆ ಇಳಿಯಬಹುದು. ಬೀನಿನಲ್ಲಿ ಕೇಳುತ್ತಿದ್ದ ಗಾಂಭೀರ್ಯ ಸಣ್ಣ ಒಡಲಿನ ವಾದ್ಯಕ್ಕೆ ಹೀಗೆ ದಕ್ಕಿತು.

ಇದೊಂದೇ ಸರಿಯಾದ ಕ್ರಮವೆಂದಲ್ಲ. ರವಿಶಂಕರರ (1920-2012) ಸಿತಾರಿನಲ್ಲಿ ಖರ್ಜ-ಪಂಚಮಗಳು ಮುಖ್ಯ ಸ್ಥಾನ ಪಡೆದರೆ, ವಿಲಾಯತ್ ಖಾನರು (1928-2004) ಅವೆರಡನ್ನೂ ತೆಗೆದುಹಾಕಿದರು. ಸಿತಾರು ಹಾಡುಗಾರಿಕೆಯನ್ನು ಅನುಸರಿಸಬೇಕೆಂಬುದು ಅವರ ಹಂಬಲ. ಧಾರವಾಡ ಗಾಯಕರ ನಾಡಾದರೂ ಇಲ್ಲಿಯ ಸಿತಾರು ಖರ್ಜವನ್ನು ಅಪ್ಪಿಕೊಂಡಿತೆಂಬುದು ಮೇಲ್ನೋಟಕ್ಕೆ ಸೋಜಿಗ. ಆದರೆ ಮೂಲ ನೋಡಿದರೆ ಸೋಜಿಗವಿಲ್ಲ. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ಹುಟ್ಟಿದ್ದು ಕಿರಾಣಾದಲ್ಲಿ. ಅದೇ ಊರಿನ ನಂಟುಳ್ಳ ಬಂದೇ ಅಲಿ ಖಾನರನ್ನು ಕಿರಾಣಾ ಘರಾಣೆಯವರೂ ಹಿರಿಯರೆಂದು ಗೌರವಿಸುತ್ತಾರೆ. ಸ್ವರದ ಬಳಿ ನಿಂತು ಅದನ್ನು ಅರಳಿಸುವ ಕಿರಾಣಾ ಗಾಯನಕ್ಕೂ ಖರ್ಜಕ್ಕಿಳಿಯುವ ಧಾರವಾಡದ ಸಿತಾರಿಗೂ ಬೀನಿನ ನೆರಳು ಇದೆ. ಕಂಠ ಮತ್ತು ತಂತಿ ಇಲ್ಲಿ ದಾಯಾದಿಗಳಲ್ಲ, ಒಂದೇ ಮನೆಯ ಮಕ್ಕಳು.

ಇವೆರಡಕ್ಕೂ ವಾದ್ಯ ಒದಗಿಸಿದ್ದು ಮಿರಜ. ಪಟವರ್ಧನ ಸಂಸ್ಥಾನದ ಆಶ್ರಯದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ನೆಲೆಯೂರಿದ ಕಸುಬು ಇದು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ತಂತಿವಾದ್ಯಗಳತ್ತ ಹೊರಳಿದ್ದರಿಂದ ಅದು ಆರಂಭವಾಯಿತೆನ್ನುತ್ತಾರೆ. ಬುರುಡೆಗೆ ಬೇಕಾದ ದೊಡ್ಡ ಸೋರೆ ಬೆಳೆಯುವುದು ಭೀಮಾ ತೀರದ ಪಂಢರಪುರ, ಮಂಗಳವೇಡೆಯ ಸುತ್ತಿನಲ್ಲಿ. ಮಂಗಳವೇಡೆ ಬಸವಣ್ಣನವರು ಕರಣಿಕರಾಗಿದ್ದ ಊರು. ಅವರ ಪ್ರಸಿದ್ಧ ವಚನವೊಂದರಲ್ಲಿ ತಂತಿವಾದ್ಯದ ಒಂದೊಂದು ಭಾಗವೂ ಭಕ್ತನ ದೇಹದ ಒಂದೊಂದು ಅಂಗವಾಗುತ್ತದೆ. ಮಿರಜದ ಸಿತಾರಿಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ವಾದ್ಯ ತಯಾರಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗಿಟಾರಿನ ತಂತಿ ಚೂಪಾದ ಅಂಚಿನ ಮೇಲಿಂದ ಹಾಯುತ್ತದೆ; ಸಿತಾರಿನದು ಅಗಲವಾದ, ಸೂಕ್ಷ್ಮವಾಗಿ ಬಾಗಿದ ಕುದುರೆಯ ಮೇಲೆ ಸವರಿಕೊಂಡು ಕಂಪಿಸುತ್ತದೆ. ಆ ಸ್ಪರ್ಶದಿಂದ ಹುಟ್ಟುವ ಝೇಂಕಾರವೇ ಜವಾರಿ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಜವಾರಿ ಎಂದರೆ ಅಪ್ಪಟ ನಾಟಿ ತಳಿ. ವಾದ್ಯದವರ ಬಾಯಲ್ಲಿ ಅದು ನಾದದ ಜೀವ. ತಂತಿ ಉಜ್ಜಿ ಉಜ್ಜಿ ಕುದುರೆಯಲ್ಲಿ ಗೀರು ಬೀಳುತ್ತದೆ, ಝೇಂಕಾರ ಮಂಕಾಗುತ್ತದೆ. ಆಗ ಕಿವಿಗೊಟ್ಟು ಅರದಿಂದ ಸವರಿ ಹದ ಮಾಡಬೇಕು. ದಪ್ಪವಾದ ಖರ್ಜದ ತಂತಿಗೆ ಒಪ್ಪುವ ಹದ ತೆಳು ತಂತಿಗೆ ಒಗ್ಗುವುದಿಲ್ಲ. ಎರಡನ್ನೂ ಒಂದೇ ಕುದುರೆಯ ಮೇಲೆ ಸಾಧಿಸುವುದು ಬಲ್ಲವರ ಕೈಚಳಕ. ಅಬ್ದುಲ್ ಕರೀಂ ಖಾನರು ವಾದ್ಯ ದುರಸ್ತಿಯಲ್ಲೂ ಪಳಗಿದ್ದರೆಂಬುದು ಇಲ್ಲಿ ಗಮನಾರ್ಹ.

ಗಾಯಕರ ಕಲೆ ಧ್ವನಿಮುದ್ರಿಕೆಗಳಲ್ಲಿ ಉಳಿಯುತ್ತದೆ. ತಂತಿ ಜೋಡಣೆಗೆ ಯಾರ ಸಹಿಯೂ ಇರುವುದಿಲ್ಲ. ತಂತಿ ತುಕ್ಕು ಹಿಡಿಯುತ್ತದೆ, ಹರಿಯುತ್ತದೆ, ಬದಲಾಗುತ್ತದೆ. ಉಳಿಯುವ ಸಾಕ್ಷ್ಯವೆಂದರೆ ಹಳೆಯ ವಾದ್ಯದ ಮೈಮೇಲಿನ ಗುರುತುಗಳು: ಬಿರಡೆಗಳೆಷ್ಟು, ಕುದುರೆಯ ಮೇಲೆ ದಪ್ಪ ತಂತಿಯ ಗೀರು ಎಲ್ಲಿದೆ, ತರಫಿನ ತಂತಿಗಳಿಗೆ ಕೊರೆದ ರಂಧ್ರಗಳೆಷ್ಟು, ಮುಚ್ಚಿದ ಹಳೆಯ ತೂತುಗಳುಂಟೇ ಎಂಬುದು. ಹಿರಿಯರು ಬಿಟ್ಟುಹೋದ ಸಿತಾರು ಅಟ್ಟದ ಮೇಲಿದ್ದರೆ ಅದನ್ನು ಹೊಳಪು ಮಾಡಿಸಿ, ಬಿರಡೆ ಬದಲಿಸಿ ಗೋಡೆಗೆ ತೂಗುಹಾಕುವ ಮೊದಲು ಈ ಗುರುತುಗಳನ್ನು ಎಣಿಸಿ ಬರೆದಿಡುವುದು ಒಳಿತು. ಹೊಸತನದ ಆಸೆಗೆ ಮಾಡಿಸಿದ ದುರಸ್ತಿಯಲ್ಲಿ ಅಳಿಸಿಹೋದ ಗುರುತು ಮತ್ತೆ ಸಿಗುವುದಿಲ್ಲ.

ರಹಿಮತ್ ಖಾನರ ವಿದ್ಯೆ ಮಗ ಅಬ್ದುಲ್ ಕರೀಂ ಖಾನರಿಗೆ (ಇವರು ಕಿರಾಣಾದ ಗಾಯಕರಲ್ಲ, ಅದೇ ಹೆಸರಿನ ಸಿತಾರ್ ವಾದಕರು), ಅವರಿಂದ ಬಾಲೇಖಾನ್, ಉಸ್ಮಾನ್ ಖಾನ್ ಮೊದಲಾದ ಮೊಮ್ಮಕ್ಕಳಿಗೆ ಬಂತು. ಧಾರವಾಡದ ಸಿತಾರಿಗೆ ನಾಡಿನಾದ್ಯಂತ ಹೆಸರು ತಂದ ಬಾಲೇಖಾನರು 2007ರಲ್ಲಿ ತೀರಿಕೊಂಡರು. ಮನೆತನದ ಮುಂದಿನ ಪೀಳಿಗೆಯೂ ಸಿತಾರನ್ನೇ ಹಿಡಿದಿದೆ. ಕಛೇರಿಯಲ್ಲಿ ಆಲಾಪ ಕೆಳಕ್ಕಿಳಿಯುತ್ತ ಹೋಗಿ ಆ ದಪ್ಪ ತಂತಿಯನ್ನು ಮುಟ್ಟಿದಾಗ ಸಭೆ ಒಮ್ಮೆಲೇ ಮೌನವಾಗುವುದುಂಟು. ರಹಿಮತ್ ಖಾನರು ಬೀನಿನಿಂದ ಸಿತಾರಿಗೆ ತಂದ ಖರ್ಜ ಅದು.