ಕೊಳ್ಳೇಗಾಲ ಸೀಮೆಯ ರೇಷ್ಮೆ ಮತ್ತು ಜಪಾನಿನ ಸಂಬಂಧ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಪ್ರದೇಶವು ಮಲೆಯ ಮಾದೇಶ್ವರ, ಮಂಟೇಸ್ವಾಮಿ ಪರಂಪರೆಗಳ ನೆಲೆಯಾಗಿ ವಿದ್ವಾಂಸರ ಗಮನ ಸೆಳೆದಷ್ಟು ರೇಷ್ಮೆಯ ನೆಲೆಯಾಗಿ ಸೆಳೆದಿಲ್ಲ. ಈ ಸೀಮೆಯ ಹುಳುಮನೆಗೂ ದೂರದ ಜಪಾನಿಗೂ ಇರುವ ಸಂಬಂಧದಲ್ಲಿ ಬಂದುದೇನು, ಬಾರದೆ ಉಳಿದುದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಆಡಳಿತದ ಹಿನ್ನೆಲೆಯನ್ನು ಗಮನಿಸಬೇಕು. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರು ಸಂಸ್ಥಾನದೊಳಗಿತ್ತು. ಹನೂರನ್ನು ಒಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಆದುದರಿಂದ ನೆರೆಹೊರೆಯ ಹಳ್ಳಿಗಳ ರೇಷ್ಮೆ ಕಸುಬು ದೀರ್ಘಕಾಲ ಎರಡು ಸರ್ಕಾರಗಳ ಅಧೀನದಲ್ಲಿ ಬೆಳೆಯಿತು. ಮದರಾಸು ಪ್ರಾಂತ್ಯದ ಪ್ರಮುಖ ರೇಷ್ಮೆಕೃಷಿ ಕ್ಷೇತ್ರ ಕೊಳ್ಳೇಗಾಲವೇ ಆಗಿತ್ತು.

ಜಪಾನಿನ ತಜ್ಞತೆ ಮೈಸೂರಿಗೆ ಕಾಲಿಟ್ಟದ್ದು 1896ರಲ್ಲಿ. ಆ ವರ್ಷ ಜೆಮ್‌ಷೆಡ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ಫಾರಂ ಸ್ಥಾಪಿಸಿ ಜಪಾನೀ ತಜ್ಞರನ್ನು ಕರೆಸಿದರು. ಮುಂದೆ 1920ರ ದಶಕದಿಂದ ಮೈಸೂರು ತಳಿಯ ಹೆಣ್ಣಿಗೆ ಜಪಾನ್ ಮೊದಲಾದ ವಿದೇಶೀ ತಳಿಗಳ ಗಂಡನ್ನು ಕೂಡಿಸಿದ ಮಿಶ್ರತಳಿಯ ಮೊಟ್ಟೆಗಳು ರೈತರಿಗೆ ದೊರೆಯತೊಡಗಿದುವು. ಹಸುರುಮಿಶ್ರಿತ ಹಳದಿಯ ದೇಶೀ ಗೂಡಿನ ಎಳೆ ಸುಮಾರು 400 ಮೀಟರ್ ಉದ್ದವಾದರೆ, ಉತ್ತಮ ದ್ವಿತಳಿಯ ಬಿಳಿ ಗೂಡಿನ ಎಳೆ 1000 ಮೀಟರ್ ಮೀರುತ್ತದೆ. ಈ ಅಂತರವೇ ಜಪಾನಿನ ಆಕರ್ಷಣೆಗೆ ಕಾರಣ.

ಆದರೆ ಗುರುವಾಗಿದ್ದ ಜಪಾನೇ ಪ್ರತಿಸ್ಪರ್ಧಿಯೂ ಆಯಿತು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಚೀನಾ ಮತ್ತು ಜಪಾನಿನ ಅಗ್ಗದ ರೇಷ್ಮೆ ಭಾರತದ ಮಾರುಕಟ್ಟೆಯನ್ನು ತುಂಬಿತು. 1933ರಲ್ಲಿ ಸುಂಕ ಮಂಡಳಿ ವಿಚಾರಣೆ ನಡೆಸಿತು. ಮರುವರ್ಷ ರಕ್ಷಣಾ ಸುಂಕ ಜಾರಿಗೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತುಹೋಗಿ, ಪ್ಯಾರಾಚೂಟಿಗೆ ಬೇಡಿಕೆ ಹೆಚ್ಚಿದಾಗ ಮೈಸೂರು, ಕೊಳ್ಳೇಗಾಲಗಳ ರೇಷ್ಮೆಗೆ ಮತ್ತೆ ಬೆಲೆ ಬಂದಿತು. ಯುದ್ಧ ಮುಗಿದೊಡನೆ ಆ ಏಳಿಗೆಯೂ ಇಳಿಯಿತು.

ಮೂರನೆಯ ಘಟ್ಟ 1991ರಿಂದ 2007ರವರೆಗಿನದು. ಜಪಾನ್ ಅಂತಾರಾಷ್ಟ್ರೀಯ ಸಹಕಾರ ಸಂಸ್ಥೆಯ ನೆರವಿನಿಂದ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ದ್ವಿತಳಿ ಯೋಜನೆ ಮೂರು ಹಂತಗಳಲ್ಲಿ ನಡೆಯಿತು. ಸಿಎಸ್‌ಆರ್ ತಳಿಗಳು, ರೆಂಬೆಸಹಿತ ಸೊಪ್ಪು ಹಾಕುವ ಪದ್ಧತಿ, ತಿರುಗುವ ರಟ್ಟಿನ ಚಂದ್ರಿಕೆ ಇವೆಲ್ಲ ಅದರ ಫಲ.

ಬಂದುದು ತಳಿ ಮತ್ತು ತಂತ್ರ, ಬಾರದಿದ್ದುದು ಆಚಾರ. ಜಪಾನಿನ ಗ್ರಾಮೀಣರು ಹುಳುವನ್ನು 'ಒಕಾಯಿಕೊಸಾಮ' ಎಂದು ಗೌರವವಾಚಕದಿಂದ ಕರೆದರು. ಜನವರಿ 15ರ ಸುಮಾರಿನ ಚಿಕ್ಕ ಹೊಸವರ್ಷದಂದು ಅಕ್ಕಿಹಿಟ್ಟಿನಿಂದ ಗೂಡಿನಾಕಾರದ 'ಮಯುದಾಮ' ಉಂಡೆಗಳನ್ನು ಮಾಡಿ, ಮರದ ಕೊಂಬೆಗೆ ಸಿಕ್ಕಿಸಿ, ಒಳ್ಳೆಯ ಗೂಡಿಗಾಗಿ ಪ್ರಾರ್ಥಿಸಿ, ಬಳಿಕ ಸುಟ್ಟು ತಿಂದರು. ಅಡುಗೆ, ಅಲಂಕಾರ, ಆರಾಧನೆ ಮೂರೂ ಅಲ್ಲಿ ಒಂದೇ ಕೊಂಬೆಯಲ್ಲಿ ಕೂಡಿವೆ. ನಮ್ಮ ಸೀಮೆಯಲ್ಲಿಯೂ ಅದೇ ತಿಂಗಳು ಬಿಳಿಗಿರಿರಂಗನ ಬೆಟ್ಟದ ಸಂಕ್ರಾಂತಿ ಜಾತ್ರೆ, ಚಿಕ್ಕಲ್ಲೂರಿನ ಜಾತ್ರೆ ನಡೆಯುವುದುಂಟು. ಇದು ಸುಗ್ಗಿಯ ಕಾಲದ ಸಾಮ್ಯವೇ ಹೊರತು ಪ್ರಭಾವವಲ್ಲ.

ಭಾಷೆಯ ಸಾಕ್ಷ್ಯ ಇನ್ನೂ ಕುತೂಹಲಕರ. ಹುಳು ಪೊರೆ ಬಿಡುವ ಮುನ್ನ ಮೇವು ತೊರೆದು ನಿಶ್ಚಲವಾಗುವ ಸ್ಥಿತಿಯನ್ನು ಜಪಾನೀಯರು 'ನಿದ್ರೆ' ಎಂದರು. ಕನ್ನಡದ ರೈತರು 'ಜ್ವರ' ಎಂದರು. ಅಲ್ಲಿ ವಿಶ್ರಾಂತಿ ಕಂಡಿತು, ಇಲ್ಲಿ ಆತಂಕ. ಹುಳು ಸಾಕುವುದು ಮಗುವನ್ನು ಸಾಕಿದಂತೆ ಎಂಬ ಭಾವವೇ ಈ ಪದದ ಹಿಂದಿರುವಂತಿದೆ. 'ಹಣ್ಣಾದ ಹುಳು', 'ಚಾಕಿ', 'ಚಂದ್ರಿಕೆ' ಮೊದಲಾದ ಮಾತುಗಳೂ ಇಂತಹ ಅಧ್ಯಯನಕ್ಕೆ ಯೋಗ್ಯ.

ಜಪಾನಿನಲ್ಲಿ ಇಂದು ರೇಷ್ಮೆಕೃಷಿ ಬಹುಮಟ್ಟಿಗೆ ಅಳಿದಿದೆ. 1872ರಲ್ಲಿ ಆರಂಭವಾದ ತೊಮಿಓಕ ನೂಲುಗಿರಣಿ 1987ರಲ್ಲಿ ಮುಚ್ಚಿ, 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಸುಬು ಹೋದರೂ ಅದರ ದಾಖಲೆ ಅಲ್ಲಿ ಉಳಿಯಿತು. ನಮ್ಮಲ್ಲಿ ಕಸುಬು ಇನ್ನೂ ಜೀವಂತವಾಗಿದೆ. ದಾಖಲೆ ಮಾತ್ರ ವಿರಳ. ಬಿದಿರ ಚಂದ್ರಿಕೆ ಹೆಣೆದವರ, ಬಿಸಿನೀರಿನಲ್ಲಿ ಕೈಯಿಟ್ಟು ನೂಲು ತೆಗೆದ ಹೆಂಗಸರ ಅನುಭವವನ್ನು ಅವರ ಬಾಯಿಂದಲೇ ಸಂಗ್ರಹಿಸಬೇಕಾಗಿದೆ. ಜಪಾನಿನಿಂದ ತಳಿಯನ್ನು ಪಡೆದ ನಾವು ಈ ದಾಖಲಾತಿಯ ಶಿಸ್ತನ್ನೂ ಪಡೆಯುವುದು ಅಗತ್ಯ.