ವೆಲ್ಸ್ ಪಟ್ಟಣದ ಗಾಯಕರ ಕೇರಿ

ಇಂಗ್ಲೆಂಡಿನ ಹಳೆಯ ದೇವಾಲಯಗಳನ್ನು ನೋಡಹೋದವರು ಗೋಪುರಗಳನ್ನು ನೋಡುತ್ತಾರೆ, ಬಣ್ಣದ ಗಾಜಿನ ಕಿಟಕಿಗಳನ್ನು ನೋಡುತ್ತಾರೆ, ಸಮಾಧಿಗಳ ಮೇಲಿನ ಬರಹಗಳನ್ನು ಓದುತ್ತಾರೆ. ಆ ದೇವಾಲಯದಲ್ಲಿ ದಿನದಿನವೂ ಹಾಡಿದವರು ಎಲ್ಲಿ ಉಣ್ಣುತ್ತಿದ್ದರು, ಎಲ್ಲಿ ಮಲಗುತ್ತಿದ್ದರು, ಚಳಿಗಾಲದ ಇರುಳಿನಲ್ಲಿ ಯಾವ ಒಲೆಯ ಮುಂದೆ ಮೈ ಕಾಯಿಸಿಕೊಳ್ಳುತ್ತಿದ್ದರು ಎಂದು ಕೇಳುವವರು ಕಡಮೆ. ಈ ಪ್ರಶ್ನೆಗೆ ಕಲ್ಲಿನಲ್ಲಿಯೇ ಉತ್ತರ ಕೊಡುವ ಒಂದು ಕೇರಿ ವೆಲ್ಸ್ ಎಂಬ ಊರಿನಲ್ಲಿದೆ. ಅದರ ಹೆಸರು ವಿಕರ್ಸ್ ಕ್ಲೋಸ್. ಆರು ನೂರು ವರ್ಷಗಳಿಗೂ ಮೀರಿ ಜನ ಎಡೆಬಿಡದೆ ವಾಸಮಾಡಿಕೊಂಡು ಬಂದಿರುವ ಆ ಕೇರಿಯ ಚರಿತ್ರೆಯೇ ಈ ಹೊತ್ತಿನ ನಮ್ಮ ವಿಷಯ.

ವೆಲ್ಸ್ ಇರುವುದು ಇಂಗ್ಲೆಂಡಿನ ನೈಋತ್ಯ ಭಾಗದ ಸಾಮರ್ಸೆಟ್ ಪ್ರಾಂತದಲ್ಲಿ, ಮೆಂಡಿಪ್ ಗುಡ್ಡಗಳ ತೆಂಕಣ ಅಡಿಯಲ್ಲಿ. ಊರಿನ ಹೆಸರಿಗೆ ಬುಗ್ಗೆಗಳೆಂದೇ ಅರ್ಥ. ದೇವಾಲಯದ ಮಗ್ಗುಲಿನಲ್ಲಿಯೇ ನೆಲದಿಂದ ನೀರು ಉಕ್ಕುತ್ತದೆ. ಆ ನೀರಿನಿಂದಲೇ ಊರು ಹುಟ್ಟಿತು. ಜನಸಂಖ್ಯೆ ಇಂದಿಗೂ ಹನ್ನೊಂದು ಸಾವಿರದ ಆಸುಪಾಸು. ಆದರೂ ಬಿಷಪ್ಪನ ಪೀಠವಿರುವ ಮಹಾದೇವಾಲಯ, ಎಂದರೆ ಕೆಥೀಡ್ರಲ್, ಅಲ್ಲಿರುವುದರಿಂದ ಅದು ನಗರವೆಂಬ ಬಿರುದನ್ನು ಪಡೆದಿದೆ. ಈಗಿನ ದೇವಾಲಯದ ಕಟ್ಟಡ ಸುಮಾರು 1175ರಲ್ಲಿ ಆರಂಭವಾಗಿ 1239ರಲ್ಲಿ ಪ್ರತಿಷ್ಠೆಯನ್ನು ಪಡೆಯಿತು.

ಈ ದೇವಾಲಯ ಸಂನ್ಯಾಸಿಗಳ ಮಠಕ್ಕೆ ಸೇರಿದುದಲ್ಲ. ಇದನ್ನು ನಡೆಸುತ್ತಿದ್ದವರು ಕ್ಯಾನನ್ನರೆಂಬ ಪಾದ್ರಿಗಳು. ಒಬ್ಬೊಬ್ಬ ಕ್ಯಾನನ್ನನಿಗೂ ಭೂಮಿಯ ಉತ್ಪತ್ತಿ ಉಂಟು, ದೇವಾಲಯದ ಗಾಯಕಪಂಕ್ತಿಯಲ್ಲಿ ನಿಯತವಾದ ಆಸನ ಉಂಟು, ಪ್ರಾರ್ಥನೆಯ ವೇಳೆಗೆ ಬಂದು ಹಾಡಬೇಕೆಂಬ ಕರ್ತವ್ಯವೂ ಉಂಟು. ಆದರೆ ಅವರಲ್ಲಿ ಅನೇಕರು ಅರಸನ ಸೇವೆಯಲ್ಲಿಯೋ, ಬಿಷಪ್ಪನ ಕಾರ್ಯದಲ್ಲಿಯೋ, ದೂರದ ವಿದ್ಯಾಪೀಠದಲ್ಲಿಯೋ ಇರುತ್ತಿದ್ದರು. ಉತ್ಪತ್ತಿ ಅವರಿಗೆ ಸಲ್ಲುತ್ತಿತ್ತು, ಆಸನ ಬರಿದಾಗಿರುತ್ತಿತ್ತು. ಆದುದರಿಂದ ಅವರವರ ಸ್ಥಾನದಲ್ಲಿ ನಿಂತು ಹಾಡುವುದಕ್ಕೆ ಬದಲಿಯಾಳುಗಳನ್ನು ನೇಮಿಸುವ ಪದ್ಧತಿ ಬಂದಿತು. ಈ ಬದಲಿಗಾಯಕರೇ ವಿಕರರು. ಪ್ರತಿನಿಧಿ ಎಂಬ ಅರ್ಥದ ಲ್ಯಾಟಿನ್ ಪದವೇ ಆ ಹೆಸರಿನ ಮೂಲ. ಹಗಲೂ ಇರುಳೂ ಗಂಟೆ ಬಾರಿಸಿದಾಗಲೆಲ್ಲ ಎದ್ದು ಹೋಗಿ ಹಾಡಿದವರು ಇವರು. ದೇವಾಲಯದ ದಾಖಲೆಗಳಲ್ಲಿ ದೊಡ್ಡ ಹೆಸರಾಗಿ ಉಳಿದವರು ಆ ಆಸನಗಳ ಒಡೆಯರು.

ಹದಿನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ ವಿಕರರಿಗೆ ತಮ್ಮದೆಂಬ ವಸತಿಯಿರಲಿಲ್ಲ. ಊರಿನಲ್ಲಿ ಅಲ್ಲಲ್ಲಿ ಚದರಿ, ಗೃಹಸ್ಥರ ಮನೆಗಳಲ್ಲಿ ಬಿಡಾರಮಾಡಿಕೊಂಡಿದ್ದರು. 1329ರಿಂದ 1363ರವರೆಗೆ ಬಿಷಪ್ಪನಾಗಿದ್ದ ಶ್ರೂಸ್‌ಬರಿಯ ರಾಲ್ಫನಿಗೆ ಈ ವ್ಯವಸ್ಥೆ ಸರಿಬೀಳಲಿಲ್ಲ. ಅವರೆಲ್ಲರೂ ದೇವಾಲಯದ ಬಳಿಯಲ್ಲಿಯೇ ಒಂದು ಆವರಣದೊಳಗೆ ಒಟ್ಟಾಗಿ ಇರಬೇಕೆಂದು ಅವನು ಸಂಕಲ್ಪಿಸಿದನು. ತನ್ನ ಅರಮನೆಯ ಸುತ್ತ ಕೋಟೆಯನ್ನೂ ಕಂದಕವನ್ನೂ ಕಟ್ಟಿಸಿಕೊಂಡವನು ಇದೇ ರಾಲ್ಫ್. ಹಾಗಾಗಿ ಗಾಯಕರಿಗೆ ಗೋಡೆ ಕಟ್ಟಿಸುವಾಗ ಅವನ ಮನಸ್ಸಿನಲ್ಲಿ ಕರುಣೆ ಎಷ್ಟಿತ್ತೋ ಶಿಸ್ತಿನ ಚಿಂತೆಯೂ ಅಷ್ಟೇ ಇದ್ದಿರಬೇಕೆಂದು ನಾವು ಊಹಿಸಬಹುದು. 1348ರಲ್ಲಿ ವಿಕರರೆಲ್ಲರೂ ಕೂಡಿ ಉಣ್ಣುವ ಭೋಜನಶಾಲೆ ಸಿದ್ಧವಾಯಿತು. ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಶಾಲೆಯನ್ನೂ ವಸತಿಯನ್ನೂ ಅವರಿಗೆ ದಾನಪತ್ರದ ಮೂಲಕ ಒಪ್ಪಿಸಿಕೊಟ್ಟದ್ದಾಯಿತು.

ಆ ತಿಂಗಳನ್ನು ನಾವು ನೆನಪಿಡಬೇಕು. ಯೂರೋಪನ್ನೆಲ್ಲ ನಡುಗಿಸಿದ ಮಹಾಮಾರಿ ಪ್ಲೇಗು ಇಂಗ್ಲೆಂಡಿನ ತೆಂಕಣ ಕರಾವಳಿಗೆ ಇಳಿದುದು 1348ರಲ್ಲಿಯೇ. ದಾನಪತ್ರದ ಮಸಿ ಆರುವ ವೇಳೆಗೆ ಅದು ಸಾಮರ್ಸೆಟ್ಟಿನಲ್ಲಿ ಹರಡುತ್ತಿತ್ತು. 1349ರ ಜನವರಿಯಲ್ಲಿ ಇದೇ ರಾಲ್ಫ್ ತನ್ನ ಪ್ರಾಂತದ ಪಾದ್ರಿಗಳಿಗೆ ಒಂದು ಪತ್ರವನ್ನು ಕಳುಹಿಸಿದನು. ಸಾಯುವವನ ಪಾಪನಿವೇದನೆಯನ್ನು ಕೇಳಲು ಪಾದ್ರಿ ದೊರೆಯದೆ ಹೋದರೆ ಗೃಹಸ್ಥನಿಗಾದರೂ ಹೇಳಿಕೊಳ್ಳಬಹುದು, ಗಂಡಸರೂ ಇಲ್ಲವಾದರೆ ಹೆಂಗಸಿಗಾದರೂ ಹೇಳಿಕೊಳ್ಳಬಹುದು ಎಂದು ಅದರಲ್ಲಿ ಅನುಮತಿಯಿತ್ತು. ಆ ಕಾಲದ ಚರ್ಚಿನ ಅಧಿಕಾರಿಯೊಬ್ಬನು ಇಷ್ಟು ದೂರ ಬರಬೇಕಾದರೆ ಸಾವು ಎಷ್ಟು ಹತ್ತಿರ ಬಂದಿರಬೇಕು! ಅವನ ಪ್ರಾಂತದ ಪಾದ್ರಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಆ ಮಾರಿಗೆ ತುತ್ತಾದರು. ಕೇರಿಯ ಕೆಲಸ ಮಾತ್ರ ನಿಂತುಹೋಗಲಿಲ್ಲ. 1363ರ ವೇಳೆಗೆ, ರಾಲ್ಫ್ ಕಣ್ಣುಮುಚ್ಚಿದ ವರ್ಷಕ್ಕೆ, ಕೆಲವು ಮನೆಗಳು ಎದ್ದಿದ್ದವು. 1412ರ ಹೊತ್ತಿಗೆ ಉಳಿದವೂ ಮುಗಿದವು.

ಆ ಮನೆಗಳು ಹೇಗಿದ್ದವು? ಮೊದಲು ಇದ್ದವು ನಲವತ್ತನಾಲ್ಕು, ಎರಡು ಸಾಲುಗಳಲ್ಲಿ, ಎದುರುಬದುರಾಗಿ. ಒಂದೊಂದರಲ್ಲಿಯೂ ಕೆಳಗೊಂದು ಕೋಣೆ, ಮಹಡಿಯ ಮೇಲೊಂದು ಕೋಣೆ. ಕೋಣೆಯ ಅಳತೆ ಸುಮಾರು ಇಪ್ಪತ್ತು ಅಡಿ ಉದ್ದ, ಹದಿಮೂರು ಅಡಿ ಅಗಲ. ಎರಡಕ್ಕೂ ಮುಂಗೋಡೆಯಲ್ಲಿ ಬೆಂಕಿಗೂಡು. ಕೈಕಾಲು ತೊಳೆಯುವ ಸ್ಥಳವೂ ಶೌಚದ ಸ್ಥಳವೂ ಹಿತ್ತಿಲ ಬಾಗಿಲಿನ ಆಚೆಗೆ. ಒಂಟಿ ಮನುಷ್ಯನಿಗೆ ಇದು ಸಾಕು. ಊಟಕ್ಕೆ ಹೇಗೂ ಭೋಜನಶಾಲೆಯಿತ್ತು. ಕೇರಿಯ ಉದ್ದ ಸುಮಾರು 460 ಅಡಿ. ದೇವಾಲಯದ ಕಡೆಯ ದ್ವಾರದಲ್ಲಿ ನಿಂತು ನೋಡಿದರೆ ಅದು ಇನ್ನೂ ಉದ್ದವಾಗಿ ಕಾಣುತ್ತದೆ. ಏಕೆಂದರೆ ಆ ತುದಿಗಿಂತ ಈಚೆಯ ತುದಿ ಸುಮಾರು ಹತ್ತು ಅಡಿ ಹೆಚ್ಚು ಅಗಲ. ದೂರದ ತುದಿಯ ಪ್ರಾರ್ಥನಾಮಂದಿರದಿಂದ ತಿರುಗಿ ನೋಡಿದರೆ ಅದೇ ಕೇರಿ ಕುಗ್ಗಿದಂತೆ ತೋರುತ್ತದೆ.

ಹದಿನೈದನೆಯ ಶತಮಾನದಲ್ಲಿ ಥಾಮಸ್ ಬೆಕಿಂಗ್ಟನ್ ಎಂಬ ಬಿಷಪ್ಪನಿಂದ ವೆಲ್ಸಿಗೆ ಬಹಳ ಉಪಕಾರವಾಯಿತು. 1451ರಲ್ಲಿ ಅವನು ಅರಮನೆಯ ಬುಗ್ಗೆಯ ನೀರನ್ನು ಪೇಟೆಯ ಚೌಕಕ್ಕೆ ಹರಿಸಿಕೊಳ್ಳುವ ಹಕ್ಕನ್ನು ಊರಿನವರಿಗೆ ಕೊಟ್ಟನು; ಆ ನೀರು ಇಂದಿಗೂ ಹಿರಿಯ ಬೀದಿಯ ಅಂಚಿನ ಕಾಲುವೆಯಲ್ಲಿ ಹರಿಯುತ್ತದೆ. ಸುಮಾರು 1460ರಲ್ಲಿ ಅವನ ಕಾಲದಲ್ಲಿಯೇ ಭೋಜನಶಾಲೆಯಿಂದ ದೇವಾಲಯಕ್ಕೆ ರಸ್ತೆಯ ಮೇಲೆ ಹಾದುಹೋಗುವ ಮುಚ್ಚಿದ ಸೇತುವೆಯೊಂದು ನಿರ್ಮಾಣವಾಯಿತು. ಅಂದಿನಿಂದ ವಿಕರರು ಮಳೆಯಲ್ಲಿ ನೆನೆಯದೆ, ಬೀದಿಯ ಜನರೊಡನೆ ಬೆರೆಯದೆ, ಮನೆಯ ಕಡೆಯಿಂದ ನೇರವಾಗಿ ಗಾಯಕಪಂಕ್ತಿಗೆ ಹೋಗಬಹುದಾಯಿತು. ಬೆಕಿಂಗ್ಟನ್ 1465ರಲ್ಲಿ ತೀರಿಕೊಂಡ ಮೇಲೆ ಅವನ ಉಯಿಲನ್ನು ನಡೆಸಿದವರು ಮನೆಗಳ ಹೊಗೆಗೂಡುಗಳನ್ನು ಎತ್ತರಿಸಿದರು. ಅವರಲ್ಲಿ ಇಬ್ಬರ ಹೆಸರು ಸ್ವಾನ್ ಮತ್ತು ಶುಗರ್; ಎಂದರೆ ಹಂಸ ಮತ್ತು ಸಕ್ಕರೆ. ಹೊಗೆಗೂಡುಗಳ ಮೇಲಿನ ಲಾಂಛನಗಳಲ್ಲಿ ಹಂಸಗಳೂ ಸಕ್ಕರೆಯ ಅಚ್ಚುಗಳೂ ಕೆತ್ತಿರುವುದು ಇದರಿಂದಲೇ. ಗಂಭೀರವಾದ ಕೇರಿಯಲ್ಲಿ ಇದೊಂದು ಸಣ್ಣ ವಿನೋದ.

ಇನ್ನು ಈ ಕೇರಿಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಬದಲಾವಣೆಗೆ ಬರೋಣ. ಹದಿನಾರನೆಯ ಶತಮಾನದ ಮತಸುಧಾರಣೆಯಲ್ಲಿ ಇಂಗ್ಲೆಂಡಿನ ಮಠಗಳು ಮುಚ್ಚಿಹೋದವು. ವೆಲ್ಸ್ ದೇವಾಲಯ ಮಠವಾಗಿರದಿದ್ದುದರಿಂದ ಅದರ ಗಾಯಕರು ಉಳಿದುಕೊಂಡರು. 1549ರ ಶಾಸನವು ಪಾದ್ರಿಗಳ ವಿವಾಹಕ್ಕೆ ಅವಕಾಶ ಕೊಟ್ಟಿತು. ರಾಣಿ ಮೇರಿಯ ಕಾಲದಲ್ಲಿ ಆ ಅವಕಾಶ ತಪ್ಪಿ, ಎಲಿಜಬೆತ್ ರಾಣಿಯ ಕಾಲದಲ್ಲಿ ಮತ್ತೆ ರೂಢಿಗೆ ಬಂದಿತು. ಒಂಟಿಯಾಗಿದ್ದ ವಿಕರನ ಮನೆಗೆ ಹೆಂಡತಿ ಬಂದಳು, ತೊಟ್ಟಿಲು ಬಂದಿತು, ಅಡುಗೆಯ ಹೊಗೆ ಬಂದಿತು. ಇಪ್ಪತ್ತಡಿ ಉದ್ದದ ಎರಡು ಕೋಣೆಗಳು ಸಂಸಾರಕ್ಕೆ ಸಾಲುವುದೆಂತು? ಅಕ್ಕಪಕ್ಕದ ಮನೆಗಳ ನಡುವಣ ಗೋಡೆಯನ್ನು ಒಡೆದು ಬಾಗಿಲನ್ನಿಟ್ಟು ಎರಡನ್ನು ಒಂದುಮಾಡಿಕೊಂಡರು. ನಲವತ್ತನಾಲ್ಕು ಮನೆಗಳು ಕಾಲಕ್ರಮದಲ್ಲಿ ಇಪ್ಪತ್ತೇಳಾದುದು ಹೀಗೆ. ಮನೆಮನೆಗೆ ಒಲೆಯಾದ ಮೇಲೆ ಭೋಜನಶಾಲೆಯ ಪಂಕ್ತಿ ತೆಳುವಾಯಿತು. ರಾಲ್ಫ್ ಕಟ್ಟಿಸಿದುದು ಒಂಟಿ ಗಂಡಸರ ನಿವಾಸ. ಅದು ಸಂಸಾರಗಳ ನೆರೆಯಾಗಿ ಮಾರ್ಪಟ್ಟಿತು. ಈ ಮಾರ್ಪಾಟು ಕೇರಿಯನ್ನು ಕೆಡಿಸಿತೆಂದು ಹೇಳುವವರು ಇದ್ದಾರು. ಆದರೆ ಗೋಡೆಯನ್ನು ಒಡೆಯಲು ಬಿಡದಿದ್ದರೆ ಅಲ್ಲಿ ಯಾರು ನಿಲ್ಲುತ್ತಿದ್ದರು ಎಂದು ನಾವು ಕೇಳಿಕೊಳ್ಳಬೇಕು.

ಹದಿನೇಳನೆಯ ಶತಮಾನದ ಅಂತರ್ಯುದ್ಧದಲ್ಲಿ ಬೇರೊಂದು ಬಗೆಯ ಪರೀಕ್ಷೆ ಬಂದಿತು. 1649ರಲ್ಲಿ ಪಾರ್ಲಿಮೆಂಟು ಕೆಥೀಡ್ರಲ್ಲುಗಳ ಆಡಳಿತವನ್ನೇ ರದ್ದುಮಾಡಿ ಅವುಗಳ ಆಸ್ತಿಯನ್ನು ಮಾರಾಟಕ್ಕಿಟ್ಟಿತು. ದೇವಾಲಯದಲ್ಲಿ ಗಾಯನ ನಿಂತಿತು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಗಾಯಕರೂ ಮರಳಿದರು. ಹತ್ತೊಂಬತ್ತನೆಯ ಶತಮಾನದ ವೇಳೆಗೆ ಮನೆಗಳು ಜೀರ್ಣವಾಗಿದ್ದವು. ಭೋಜನಶಾಲೆಯ ಒಂದು ಭಾಗದಲ್ಲಿ ಮದ್ಯಕ್ಕಾಗಿ ಧಾನ್ಯವನ್ನು ಮೊಳೆಯಿಸುತ್ತಿದ್ದರು. 1860ರ ದಶಕದಲ್ಲಿ ವಿಲಿಯಂ ಬರ್ಜಸ್ ಎಂಬ ಶಿಲ್ಪಿ 22ನೆಯ ಸಂಖ್ಯೆಯ ಮನೆಯನ್ನು ಹಳೆಯ ಮಾದರಿಗೆ ತಕ್ಕಂತೆ ದುರಸ್ತುಮಾಡಿದನು. ಮೊದಲಿನ ಮನೆ ಹೇಗಿದ್ದಿತೆಂದು ತಿಳಿಯಬಯಸುವವರು ಇಂದಿಗೂ ಅದನ್ನು ನೋಡುತ್ತಾರೆ. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ವಿಕರರ ಸ್ವತಂತ್ರ ಸಂಘ ಕೊನೆಗೊಂಡು ಅದರ ಆಸ್ತಿ ದೇವಾಲಯದ ಆಡಳಿತಕ್ಕೆ ಸೇರಿತು.

ಇಂದು ಯೂರೋಪಿನಲ್ಲಿ ಮೂಲ ಕಟ್ಟಡಗಳೊಡನೆ ಉಳಿದಿರುವ ಅತ್ಯಂತ ಹಳೆಯ ವಾಸದ ಬೀದಿಗಳಲ್ಲಿ ಇದೊಂದೆಂದು ಕೀರ್ತಿಯಿದೆ. ರಕ್ಷಿತ ಕಟ್ಟಡಗಳ ಮೊದಲನೆಯ ವರ್ಗದಲ್ಲಿ ಇದರ ಮನೆಗಳನ್ನು ಸೇರಿಸಿದ್ದಾರೆ. ಕೀರ್ತಿಗೆ ಬೆಲೆಯೂ ಉಂಟು. ಅಲ್ಲಿ ವಾಸಿಸುವವನು ತನ್ನ ಇಷ್ಟದಂತೆ ಕಿಟಕಿಯನ್ನು ಬದಲಿಸಲಾರನು, ಗೋಡೆಗೆ ಕೈಹಚ್ಚಲಾರನು. ಅಂದು ಸಂಸಾರಕ್ಕಾಗಿ ಗೋಡೆಯೊಡೆದ ವಿಕರನಿಗೆ ಇದ್ದ ಸ್ವಾತಂತ್ರ್ಯ ಇಂದಿನವನಿಗಿಲ್ಲ. ಬೇಸಗೆಯಲ್ಲಿ ಅವನ ಹೂದೋಟದ ಮುಂದೆ ಪ್ರವಾಸಿಗಳ ಸಾಲು. ಕಲ್ಲುಗೋಡೆಗೆ ಚಳಿ ಹೆಚ್ಚು, ಕೋಣೆಗಳಿಗೆ ಬೆಳಕು ಕಡಮೆ. ಆದರೂ ಅಲ್ಲಿ ಜನ ಇದ್ದಾರೆ. ಕೆಥೀಡ್ರಲ್ಲಿನ ಗಾಯಕರಲ್ಲಿ ಹಲವರು ಇಂದಿಗೂ ಅಲ್ಲಿಯೇ ಇರುತ್ತಾರೆ. ಕೆಲವು ಮನೆಗಳು ಕೆಥೀಡ್ರಲ್ ಶಾಲೆಯ ಉಪಯೋಗಕ್ಕಿವೆ. ಶತಮಾನಗಳ ಕಾಲ ಗಂಡಸರೂ ಹುಡುಗರೂ ಮಾತ್ರ ಹಾಡುತ್ತಿದ್ದ ದೇವಾಲಯದಲ್ಲಿ 1994ರಿಂದ ಹುಡುಗಿಯರ ಮೇಳವೂ ಹಾಡುತ್ತಿದೆ.

ಹಳೆಯ ಕೇರಿಗಳನ್ನು ಉಳಿಸಬೇಕೆಂಬ ಮಾತು ಎಲ್ಲ ದೇಶಗಳಲ್ಲಿಯೂ ಕೇಳಿಬರುತ್ತದೆ. ಉಳಿಸುವುದೆಂದರೇನು? ಕಲ್ಲನ್ನು ಇದ್ದಂತೆ ಇರಿಸುವುದೊಂದೇ ಆದರೆ ಬಾಗಿಲುಗಳಿಗೆ ಬೀಗಹಾಕಿ ಕಾವಲುಗಾರನನ್ನಿಟ್ಟರೆ ಸಾಕು. ವಿಕರ್ಸ್ ಕ್ಲೋಸ್ ಉಳಿದ ಬಗೆ ಬೇರೆ. ಅದರ ಹೊಗೆಗೂಡು ಎತ್ತರವಾಯಿತು, ಗೋಡೆ ಒಡೆಯಿತು, ಮನೆಗಳ ಎಣಿಕೆ ಇಳಿಯಿತು, ಒಡೆತನ ಕೈಮಾರಿತು. ಬದಲಾಗದೆ ನಿಂತದ್ದು ಒಂದೇ: ಗಂಟೆಯಾದಾಗ ಮನೆಯಿಂದ ಎದ್ದು ಹೋಗಿ ಹಾಡುವ ಕೆಲಸ. ಕೆಲವು ವರ್ಷ ಆ ಕೆಲಸಕ್ಕೆ ತಡೆ ಬಂದಿತು. ಮುಂದೆಂದಾದರೂ ಅದು ಪೂರ್ತಿ ನಿಂತರೆ ಮನೆಗಳು ಇದ್ದರೂ ಕೇರಿ ಪ್ರದರ್ಶನದ ವಸ್ತುವಾಗುತ್ತದೆ. ಆದಕಾರಣ ಇಂಥ ಸ್ಥಳವನ್ನು ಕಾಪಾಡುವವರು ಹೆಂಚು ಕಲ್ಲುಗಳಿಗೆ ಹಣ ಕೂಡಿಸುವಾಗ ಗಾಯಕನ ಸಂಬಳವನ್ನೂ ಅವನ ಮಕ್ಕಳ ಕೋಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಸನದ ಒಡೆಯರಾಗಿದ್ದ ಕ್ಯಾನನ್ನರಲ್ಲಿ ಎಷ್ಟೋ ಮಂದಿ ಬರಲೇ ಇಲ್ಲ. ಅವರ ಬದಲಿಗೆ ಬಂದವರ ಒಲೆಗಳು ಆ ಕೇರಿಯಲ್ಲಿ ಇನ್ನೂ ಆರಿಲ್ಲ.