ಚೆಸಪೀಕ್ ಕೊಲ್ಲಿಯ ಬಾತು ಬೇಟೆ

ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಸ್ಕ್ವೆಹಾನಾ ನದಿ ಚೆಸಪೀಕ್ ಕೊಲ್ಲಿಯನ್ನು ಸೇರುವೆಡೆ ಹ್ಯಾವರ್ ಡಿ ಗ್ರೇಸ್ ಎಂಬ ಪುಟ್ಟ ಪಟ್ಟಣವಿದೆ. 1880ರ ದಶಕದ ಚಳಿಗಾಲದಲ್ಲಿ ಬಾಲ್ಟಿಮೋರ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳ ಸಿರಿವಂತರು ಗೆಳೆಯರ ಗುಂಪು ಕಟ್ಟಿಕೊಂಡು, ಕೋವಿ ಹಿಡಿದು ಈ ಸೀಮೆಗೆ ಬರುತ್ತಿದ್ದರು. ಅವೇ ನಗರಗಳಿಗೆ ಇಲ್ಲಿಂದ ಹೋಗುತ್ತಿದ್ದುದು ಸತ್ತ ಬಾತುಗಳನ್ನು ತುಂಬಿದ ಪೀಪಾಯಿಗಳು.

ಇಬ್ಬರ ಕಣ್ಣೂ ಒಂದೇ ಹಕ್ಕಿಯ ಮೇಲೆ: ಕ್ಯಾನ್ವಾಸ್‌ಬ್ಯಾಕ್. ಬಿಳಿಚು ಬೆನ್ನು, ಕೆಂಗಂದು ತಲೆಯ ಈ ಕಾಡುಬಾತು ಚಳಿಗಾಲ ಕಳೆಯಲು ಉತ್ತರದಿಂದ ವಲಸೆ ಬರುತ್ತಿತ್ತು. ನದಿಮುಖದ ಆಳವಿಲ್ಲದ ನೀರಿನಡಿ ‘ಕಾಡು ಸೆಲರಿ’ ಎಂಬ ಜಲಸಸ್ಯ ಹುಲ್ಲುಗಾವಲಿನಂತೆ ಹಬ್ಬಿತ್ತು. ಅದರ ಗೆಡ್ಡೆ ತಿಂದು ಕೊಬ್ಬಿದ ಬಾತಿನ ಮಾಂಸಕ್ಕೆ ಸಮನಿಲ್ಲವೆಂದು ದೊಡ್ಡ ಹೋಟೆಲುಗಳು ದುಬಾರಿ ಬೆಲೆ ತೆರುತ್ತಿದ್ದವು.

ಗೆಳೆಯರ ಕ್ಲಬ್ಬಿನ ಬೇಟೆ ಬೆಳಕು ಹರಿಯುವ ಮುನ್ನವೇ ಆರಂಭ. ದಡದ ಜೊಂಡಿನ ಮರೆಯಲ್ಲಿ ಮೂರೋ ನಾಲ್ಕೋ ಜನ, ಅವರ ಕಾಲ ಬಳಿ ಒಂದು ನಾಯಿ. ಎದುರಿನ ನೀರಿನಲ್ಲಿ ಬಣ್ಣ ಬಳಿದ ಮರದ ಬಾತುಗಳು ತೇಲುತ್ತಿರುತ್ತವೆ. ಹಕ್ಕಿಯನ್ನು ಸೆಳೆಯಲು ಇಡುವ ಇಂಥದ್ದನ್ನು ನಮ್ಮ ಹಳೆಯ ಬೇಟೆಗಾರರು ‘ದೀಹ’ ಎನ್ನುತ್ತಿದ್ದರು. ಗುಂಡು ಹಾರಿದ ಮೇಲೆ ಮನುಷ್ಯರ ಕೆಲಸ ಮುಗಿಯಿತು, ನಾಯಿಯದು ಶುರು. ಮಂಜುಗಡ್ಡೆಯ ತೆಳುಪದರವನ್ನು ಎದೆಯಿಂದಲೇ ಒಡೆದುಕೊಂಡು ಈಜಿ, ಬಿದ್ದ ಹಕ್ಕಿಯನ್ನು ಹಲ್ಲು ನಾಟದಂತೆ ಕಚ್ಚಿ ತರಬೇಕು. ಇದೊಂದೇ ಕೆಲಸಕ್ಕೆಂದು ಬೆಳೆದು ಬಂದ ತಳಿಯೇ ಚೆಸಪೀಕ್ ಬೇ ರಿಟ್ರೀವರ್. ಎಣ್ಣೆ ಜಿಗುಟಿನ ಎರಡು ಪದರದ ರೋಮ, ಬೆರಳ ನಡುವೆ ಪೊರೆ, ಒಣಹುಲ್ಲಿನ ಬಣ್ಣ.

ಈ ತಳಿಯ ಮೂಲಕಥೆ 1807ರದು. ನ್ಯೂಫೌಂಡ್‌ಲ್ಯಾಂಡಿನಿಂದ ಇಂಗ್ಲೆಂಡಿಗೆ ಹೊರಟ ಹಡಗೊಂದು ಮುಳುಗುತ್ತಿದ್ದಾಗ, ಬಾಲ್ಟಿಮೋರಿನ ‘ಕ್ಯಾಂಟನ್’ ಹಡಗು ಅದರ ಸಿಬ್ಬಂದಿಯನ್ನೂ ಎರಡು ನಾಯಿಮರಿಗಳನ್ನೂ ಪಾರುಮಾಡಿತು. ಗಂಡಿಗೆ ಸೇಲರ್, ಹೆಣ್ಣಿಗೆ ಕ್ಯಾಂಟನ್ ಎಂಬ ಹೆಸರಾಯಿತು. ಇವೆರಡೂ ಜೊತೆಯಾದವೆಂಬುದಕ್ಕೆ ದಾಖಲೆಯಿಲ್ಲ. ಕೊಲ್ಲಿಯ ಬೇರೆ ಬೇರೆ ದಡಗಳಲ್ಲಿ ಊರ ನಾಯಿಗಳೊಡನೆ ಕೂಡಿ ಸಂತಾನ ಬೆಳೆಸಿದವು. ಕ್ಯಾರಲ್ಸ್ ಐಲೆಂಡ್‌ನಂಥ ಕ್ಲಬ್ಬುಗಳು ಈ ನಾಯಿಗಳನ್ನು ಮುತುವರ್ಜಿಯಿಂದ ಸಾಕಿದವು. ಮಾರಾಟಕ್ಕೆ ಬೇಟೆಯಾಡುವ ಬಡವನ ದೋಣಿಯಲ್ಲೂ ಇದ್ದುದು ಇದೇ ನಾಯಿ.

ಈ ಬಡವ ಬೇಸಿಗೆಯಲ್ಲಿ ಮೀನುಗಾರ, ಚಳಿಗಾಲದಲ್ಲಿ ಬೇಟೆಗಾರ. ಬಿಡುವಿನಲ್ಲಿ ಮರದ ಬಾತು ಕೆತ್ತುವವ. ರಾತ್ರಿ ದೀಪ ಹೊತ್ತಿಸಿ, ಮಲಗಿದ ಹಿಂಡಿನತ್ತ ಸದ್ದಿಲ್ಲದೆ ಸಾಗಿ, ದೋಣಿಗೆ ಕಟ್ಟಿದ ಭಾರಿ ಕೋವಿಯಿಂದ ಒಂದೇ ಏಟಿಗೆ ಹತ್ತಾರು ಹಕ್ಕಿಗಳನ್ನು ಉರುಳಿಸುತ್ತಿದ್ದ. ‘ಸಿಂಕ್‌ಬಾಕ್ಸ್’ ಇನ್ನೊಂದು ಉಪಾಯ: ನೀರಿನ ಮಟ್ಟಕ್ಕೆ ತೇಲುವ, ಶವಪೆಟ್ಟಿಗೆಯನ್ನು ಹೋಲುವ ಪೆಟ್ಟಿಗೆ. ಸುತ್ತ ನೂರಾರು ಮರದ ಬಾತುಗಳು, ನಡುವೆ ಅಂಗಾತ ಮಲಗಿದ ಬೇಟೆಗಾರ. ಇಲ್ಲಿ ನಾಯಿಗೆ ಜಾಗವಿಲ್ಲ. ದೂರದ ದೋಣಿಯಲ್ಲಿರುವ ಜೊತೆಗಾರನೇ ಹಕ್ಕಿ ಹೆಕ್ಕಬೇಕು.

ಹಿಂಡುಗಳು ಕರಗತೊಡಗಿದಾಗ ಕ್ಲಬ್ಬಿನವರು ಬೊಟ್ಟು ಮಾಡಿದ್ದು ಮಾರಾಟದ ಬೇಟೆಗಾರನತ್ತ. ಆರೋಪ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹಣಕೊಟ್ಟು ಸಿಂಕ್‌ಬಾಕ್ಸಿನಲ್ಲಿ ಮಲಗುತ್ತಿದ್ದವರಲ್ಲಿ ಶೋಕಿಯ ಬೇಟೆಗಾರರೂ ಇದ್ದರು. ಹೋಟೆಲಿನಲ್ಲಿ ಆ ಬಾತನ್ನು ತರಿಸಿ ತಿನ್ನುತ್ತಿದ್ದುದೂ ಅಂಥ ಉಳ್ಳವರೇ. ಕಾನೂನಿನ ಏಟು ಮಾತ್ರ ಮೊದಲು ಮಾರುವವನ ಮೇಲೆ ಬಿತ್ತು. ರಾಜ್ಯದ ಕಾಯಿದೆ ಮುರಿದು ಕೊಂದ ಬೇಟೆಯನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸುವುದನ್ನು 1900ರ ಲೇಸಿ ಕಾಯಿದೆ ಅಪರಾಧವಾಗಿಸಿತು. 1918ರ ವಲಸೆ ಹಕ್ಕಿಗಳ ಕಾಯಿದೆಯಿಂದ ಕಾಡುಬಾತಿನ ಮಾರಾಟವೇ ನಿಂತಿತು. ಸಿಂಕ್‌ಬಾಕ್ಸ್ ನಿಷೇಧವಾಗಲು 1935 ಬರಬೇಕಾಯಿತು. ಋತು ನೋಡಿ, ಲೆಕ್ಕ ಇಟ್ಟು ಆಡುವ ಗೆಳೆಯರ ಬೇಟೆ ಮುಂದುವರಿಯಿತು.

ಹ್ಯಾವರ್ ಡಿ ಗ್ರೇಸ್‌ನ ಮರದ ಬಾತುಗಳಿಗೆ ಈಗ ಅಲ್ಲೇ ಒಂದು ವಸ್ತುಸಂಗ್ರಹಾಲಯವಿದೆ. ನಾಯಿಯನ್ನು 1964ರಲ್ಲಿ ಮೇರಿಲ್ಯಾಂಡ್ ತನ್ನ ರಾಜ್ಯದ ನಾಯಿಯೆಂದು ಸಾರಿತು. ಮೊದಲೇ ಸೊರಗುತ್ತಿದ್ದ ನೀರಹುಲ್ಲನ್ನು 1972ರ ‘ಆಗ್ನೆಸ್’ ಚಂಡಮಾರುತದ ನೆರೆ ಮಣ್ಣಿನಡಿ ಹೂತಿತು. ಅದು ಚೇತರಿಸಿಕೊಳ್ಳಲು ದಶಕಗಳೇ ಹಿಡಿದವು. ಕ್ಯಾನ್ವಾಸ್‌ಬ್ಯಾಕ್ ಚಳಿಗಾಲದಲ್ಲಿ ಕೊಲ್ಲಿಗೆ ಇಂದಿಗೂ ಬರುತ್ತದೆ, ಹಿಂದಿಗಿಂತ ಬಹಳ ಕಡಿಮೆ ಸಂಖ್ಯೆಯಲ್ಲಿ. ಸೆಲರಿ ಸಿಗದೆ ಅದು ತಳದ ಕೆಸರಿನ ಪುಟ್ಟ ಚಿಪ್ಪುಮೀನುಗಳನ್ನು ತಿನ್ನಲು ಕಲಿತಿದೆ.